ಒಂದೇ ತೂತು

ಐದನೆಯ ಗುಂಡು ಹೊಡೆದ ಮೇಲೂ ಹಾಳೆಯಲ್ಲಿ ತೂತು ಒಂದೇ ಇತ್ತು.

ಅರಿಹಂತ ದುರ್ಬೀನಿಗೆ ಕಣ್ಣಿಟ್ಟು ಮತ್ತೆ ನೋಡಿದ. ಹತ್ತು ಮೀಟರ್ ಆಚೆ, ಕರಿ ವೃತ್ತದ ನಟ್ಟನಡುವೆ, ಕೊತ್ತಂಬರಿ ಕಾಳಿನಷ್ಟು ಬೆಳಕು. ಐದು ಗುಂಡುಗಳೂ ಒಂದು ಹೋದ ದಾರಿಯಲ್ಲೇ ಇನ್ನೊಂದು ಹೋಗಿದ್ದವು.

ರೈಫಲ್ಲನ್ನು ಯಾರೂ ಹಿಡಿದಿರಲಿಲ್ಲ. ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ವೈಸ್ ಎಂಬ ಕಬ್ಬಿಣದ ಇಕ್ಕಳದ ಬಾಯಲ್ಲಿ, ಎರಡೂ ಮಗ್ಗುಲಿಗೆ ಸೈಕಲ್ ಟ್ಯೂಬಿನ ತುಂಡು ಒತ್ತಿಸಿಕೊಂಡು ಅದು ಸೆಟೆದು ಕೂತಿತ್ತು. ಕೊಳ್ಳುವ ಮುಂಚೆ ಹೀಗೆ ಪರೀಕ್ಷೆ ಮಾಡುವುದು ಪದ್ಧತಿ. ಗುರಿ ತಪ್ಪಿದರೆ ತಪ್ಪು ಬಂದೂಕಿನದೋ ಮನುಷ್ಯನದೋ ಎಂಬ ಅನುಮಾನ ಉಳಿಯಬಾರದಲ್ಲ. ಮನುಷ್ಯನನ್ನೇ ತೆಗೆದುಬಿಟ್ಟರೆ ಆಯಿತು.

"ಸಾಕೇನ್ರಿ ಸರ?" ಎಂದರು ಗಜಾನನ.

"ಇನ್ನೈದ ಹೊಡದ ನೋಡೂಣ್ರಿ."

ಮಾರಲು ಬಂದವರು ಗಜಾನನ. ಯಮಕನಮರಡಿಯವರು, ಮೂವತ್ತು ವರ್ಷ ನೀರಾವರಿ ಕಚೇರಿಯಲ್ಲಿ ಕಾಲುವೆಗಳ ನಕ್ಷೆ ಬರೆದು ನಿವೃತ್ತರಾದವರು. ಗಾಳಿಯ ಒತ್ತಡದಿಂದ ಸೀಸದ ಸಣ್ಣ ಗುಂಡು ಹಾರಿಸುವ ಈ ಜರ್ಮನ್ ರೈಫಲ್ಲನ್ನು ಹೆಂಡತಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ತಂದಿದ್ದರು. ಅವರ ಬಲಗೈ ಬೆರಳುಗಳು ಕಾಣದ ತಂತಿಯೊಂದನ್ನು ಮೀಟುತ್ತಲೇ ಇದ್ದವು. ಗುಂಡು ತುಂಬುವುದೂ ಅವರಿಂದ ಆಗದೆ ಗುರಿ ಹೊಡೆಯುವ ಈ ರೇಂಜಿನ ಮಾಲೀಕ ಪರಪ್ಪನೇ ತುಂಬುತ್ತಿದ್ದ.

"ನನ್ನ ಕೈ ನೋಡಬ್ಯಾಡ್ರಿ," ಎಂದರು ಗಜಾನನ, ಅರಿಹಂತನ ದೃಷ್ಟಿ ಹೋದದ್ದನ್ನು ಗಮನಿಸಿ. "ಬಂದೂಕ ನೋಡ್ರಿ."

ಇನ್ನೂ ಐದು ಗುಂಡು ಹೋದವು. ತೂತು ಕೂದಲೆಳೆಯಷ್ಟು ಅಗಲವಾಯಿತು, ಅಷ್ಟೇ.

ಅರಿಹಂತನ ಎದೆ ಡಬಡಬ ಹೊಡೆದುಕೊಳ್ಳತೊಡಗಿತು. ಇದು ತನ್ನದಾಗಬೇಕು.

ಪರಪ್ಪ ಸೈನ್ಯದಿಂದ ಹವಾಲ್ದಾರನಾಗಿ ನಿವೃತ್ತನಾದವನು. ಹುಕ್ಕೇರಿಯ ಹೊರಗೆ ಪಾಳುಬಿದ್ದಿದ್ದ ತಂಬಾಕಿನ ಗೋದಾಮನ್ನು ಬಾಡಿಗೆಗೆ ಹಿಡಿದು, ಸುಣ್ಣ ಬಳಿದು, ನಾಲ್ಕು ಜನ ಒಟ್ಟಿಗೆ ನಿಲ್ಲುವಂಥ ರೇಂಜು ಮಾಡಿದ್ದ. ಗೋಡೆಯಲ್ಲಿ ಇನ್ನೂ ತಂಬಾಕಿನ ಘಾಟು ಉಳಿದಿತ್ತು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಬಿಸಿಲಿಗೆ ಬಳಲಿ, ಬೈಕು ನಿಲ್ಲಿಸಿ ನೀರು ಕೇಳಲು ಒಳಗೆ ಬಂದಿದ್ದ ಅರಿಹಂತ, ನೀರು ಕುಡಿದು, ಕುತೂಹಲಕ್ಕೆ ಐದು ಗುಂಡು ಹೊಡೆದಿದ್ದ. ಆಮೇಲೆ ಒಂದು ರವಿವಾರವನ್ನೂ ತಪ್ಪಿಸಿರಲಿಲ್ಲ.

ಅವನಿಗೆ ನಲವತ್ತಮೂರು. ಮೂಡಲಗಿಯಲ್ಲಿ ಮನೆ, ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ. ಹೋದ ಮಳೆಗಾಲ ಕಾಮಾಲೆಯಾಗಿ ಒಂಬತ್ತು ದಿನ ಮಲಗಿದ್ದ. ಹತ್ತನೆಯ ದಿನ ಕಾಲೇಜಿಗೆ ಹೋದರೆ, ಪಕ್ಕದ ಕುರ್ಚಿಯ ಮಲ್ಲೇಶ ಪತ್ರಿಕೆಯಿಂದ ತಲೆ ಎತ್ತದೆ, "ಚಹಾ ಆತೇನ್ರಿ ಸರ?" ಎಂದ. ನಿನ್ನೆಯೂ ಕೇಳಿದ್ದವನಂತೆ. ತರಗತಿಯಲ್ಲಿ, ತಾನು ನಿಲ್ಲಿಸಿದ್ದ ಪಾಠ ಮುಗಿದು ಹೋಗಿತ್ತು. "ಯಾರ ಮುಗಿಸಿದ್ರು?" ಎಂದು ಕೇಳಿದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. "ನೀವ ಅಲ್ಲೇನ್ರಿ ಸರ?" ಎಂದಳು ಮುಂದಿನ ಬೆಂಚಿನ ಹುಡುಗಿ, ನಿಜವಾದ ಗೊಂದಲದಿಂದ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುವ ಮಾತು, ತಾನೂ ನಗಬೇಕಾಗುತ್ತಿತ್ತು.

ಆದರೆ ಇಲ್ಲಿ, ಈ ಗೋದಾಮಿನಲ್ಲಿ, ಅವನು ಇದ್ದ. ಎಷ್ಟು ಇದ್ದನೆಂದರೆ ಅದೇ ತೊಂದರೆಯಾಗಿತ್ತು. ಉಸಿರು ಎಳೆದರೆ ನಳಿಗೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ನಾಡಿ ಒಮ್ಮೆ ಬಡಿದರೆ ಗುರಿಯ ಕರಿ ವೃತ್ತ ಅತ್ತಿತ್ತ ಜಿಗಿಯುತ್ತಿತ್ತು. ಹತ್ತು ಗುಂಡಿಗೆ ನೂರು ಅಂಕ. ಅವನು ತೊಂಬತ್ತೇಳನ್ನು ದಾಟಿರಲಿಲ್ಲ. ಪರಪ್ಪನ ರೇಂಜಿನ ಹಳೆಯ ರೈಫಲ್ಲಿನದೇ ತಪ್ಪು ಎಂದುಕೊಂಡು ಬೇರೆ ಹುಡುಕತೊಡಗಿದ. ಗೋಕಾಕದ ಅಂಗಡಿಯವನು ತೋರಿಸಿದ ಹೊಚ್ಚ ಹೊಸದು ಮಿರಿಮಿರಿ ಮಿಂಚುತ್ತಿತ್ತು, ಆದರೆ ಅದರ ಕುದುರೆಗೆ ಬೆರಳಿಟ್ಟು ಒತ್ತುವಾಗ ತುಕ್ಕು ಹಿಡಿದ ಚಿಲಕ ಸರಿಸಿದಂತಾಗುತ್ತಿತ್ತು. ಮೇಲವಂಕಿಯ ಗುರುಲಿಂಗಪ್ಪನವರಲ್ಲಿ ಒಂದಿದೆ ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೂ ಹೋದ. ಅವರು ಅಟ್ಟದಿಂದ ಇಳಿಸಿ, ಧೂಳು ಊದಿ, "ಮಂಗ್ಯಾಗೋಳ್ನ ಓಡಸಾಕ ತಂದಿದ್ದೆ. ಅವು ಇದರ ಸಪ್ಪಳಕ್ಕ ಹೆದರಲಿಲ್ಲ, ಕಬ್ಬಿನ್ಯಾಗ ಕುಂತ ನಾ ಹೊಡಿಯೂದ ನೋಡತಿದ್ದವು," ಎಂದರು. ವೈಸಿನಲ್ಲಿಟ್ಟು ಹೊಡೆದಾಗ ಅದರ ಗುಂಡುಗಳು ಹಾಳೆಯ ತುಂಬ ಅಕ್ಷತೆ ಎರಚಿದಂತೆ ಬಿದ್ದಿದ್ದವು.

ಮೂರನೆಯದು ಇದು.

ಪರಪ್ಪ ವೈಸು ಸಡಿಲಿಸಿ ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅರಿಹಂತನಿಗೆ ಕೊಟ್ಟ. "ಬಂದೂಕ ಪಾಸಾತ್ರಿ ಸರ. ಇನ್ನ ನಿಮ್ಮ ಪಾಳಿ."

ಅರಿಹಂತ ಎಡಗಾಲು ಮುಂದಿಟ್ಟ. ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಊರಿದ. ಕೆನ್ನೆ ರೈಫಲ್ಲಿನ ಮರದ ಹಿಡಿಗೆ ತಾಗಿತು. ಅಲ್ಲಿ ಇನ್ನೊಬ್ಬರ ಕೆನ್ನೆ ಇಪ್ಪತ್ತು ವರ್ಷ ಸವೆಸಿದ ನುಣುಪು ಇತ್ತು. ಎರಡೂ ಕಣ್ಣು ತೆರೆದೇ ಇಟ್ಟ. ಒಂದು ಕಣ್ಣು ಮುಚ್ಚಿದರೆ ಮುಖ ಬಿಗಿಯುತ್ತದೆ, ಬಿಗಿದರೆ ಕೈ ನಡುಗುತ್ತದೆ ಎಂದು ಪರಪ್ಪ ಕಲಿಸಿದ್ದ.

ಮೊದಲ ಗುಂಡಿಗೆ ಏನೂ ಅನಿಸಲಿಲ್ಲ. ಎರಡನೆಯದಕ್ಕೆ ಬೆಳಿಗ್ಗೆ ಮನೆ ಬಿಡುವಾಗಿನ ಮಾತು ನೆನಪಾಯಿತು.

"ಹುಕ್ಕೇರಿಗೆ?" ಎಂದು ಕೇಳಿದ್ದಳು ಹೆಂಡತಿ ದೀಪಾಲಿ.

"ಹೌದು."

"ಬರೂದು?"

"ಹೊತ್ತ ಮುಳಗೂದ್ರೊಳಗ."

ಅವಳು ಇನ್ನೇನೋ ಹೇಳುವವಳಂತೆ ಬಾಗಿಲಲ್ಲಿ ನಿಂತಿದ್ದಳು. ಅವನು ಬೈಕಿಗೆ ಕಿಕ್ ಹೊಡೆದಿದ್ದ.

ಮೂರನೆಯ ಗುಂಡಿಗೆ ಅವಳು ಬಾಗಿಲಿನಿಂದ ಹೋದಳು. ನಾಲ್ಕನೆಯದಕ್ಕೆ ಬಾಗಿಲೂ ಇರಲಿಲ್ಲ. ಗೋದಾಮಿನ ಘಾಟು ಹೋಯಿತು, ಪರಪ್ಪನ ಕೆಮ್ಮು ಹೋಯಿತು. ಐದು, ಆರು. ಎದೆಯ ಬಡಿತ ಎಲ್ಲೋ ಪಕ್ಕದ ಮನೆಯಲ್ಲಿ ಯಾರೋ ಖಾರ ಕುಟ್ಟಿದಂತೆ ದೂರದಿಂದ ಕೇಳುತ್ತಿತ್ತು. ಎರಡು ಬಡಿತಗಳ ನಡುವೆ ಒಂದು ಖಾಲಿ ಜಾಗವಿತ್ತು. ಅಷ್ಟು ದೊಡ್ಡ ಜಾಗ ಅಲ್ಲಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಅದರೊಳಗೆ ಆರಾಮಾಗಿ ನಡೆದುಹೋಗಿ, ಬೆರಳು ಒತ್ತಿ, ಹೊರಗೆ ಬರಬಹುದಿತ್ತು.

ಹತ್ತನೆಯದು ಮುಗಿದದ್ದು, ಹನ್ನೊಂದನೆಯದಕ್ಕೆ ಡಬ್ಬಿಗೆ ಕೈ ಹಾಕಿದಾಗ ಪರಪ್ಪ ಮಣಿಕಟ್ಟು ಹಿಡಿದದ್ದರಿಂದ ಗೊತ್ತಾಯಿತು.

"ನಿಲ್ರಿ ಸರ. ಹತ್ತಾತು."

ಪರಪ್ಪ ಹೋಗಿ ಹಾಳೆ ಬಿಚ್ಚಿ ತಂದ. ವೈಸಿನ ಹಾಳೆಯ ಪಕ್ಕ ಇದನ್ನಿಟ್ಟ. ಅಲ್ಲೂ ಒಂದು ತೂತು, ಇಲ್ಲೂ ಒಂದು ತೂತು. ಅಳತೆಯ ಗಾಜು ಇಟ್ಟು ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ.

"ನೂರು," ಎಂದ. "ಈ ರೇಂಜಿನ್ಯಾಗ ಇದ ಮೊದಲ್ನೇದು."

ಅರಿಹಂತನಿಗೆ ಮೈಯೆಲ್ಲ ಹಗುರಾಯಿತು. ನಗು ಬಂತು, ತಡೆಯಲು ಹೋಗಿ ಆಗದೆ ಜೋರಾಗಿ ನಕ್ಕ. ಗೋದಾಮಿನ ತಗಡು ಅವನ ನಗುವನ್ನು ಅವನಿಗೇ ತಿರುಗಿ ಕೊಟ್ಟಿತು.

ಗಜಾನನ ಎರಡೂ ಹಾಳೆಗಳನ್ನು ನಡುಗುವ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಸರ, ನಾ ಇಪ್ಪತ್ತ ವರ್ಷ ಹೊಡದೇನಿ. ಹಿಂಗ ಹೊಡಿಯೂದ ನೋಡಿದ್ದಿಲ್ಲ. ನೀವು ಅಲ್ಲಿ ಇರಲೇ ಇಲ್ಲ. ಬಂದೂಕ ಅಷ್ಟ ನಿಂತಂಗ ಇತ್ತು."

ಇಷ್ಟು ದೊಡ್ಡ ಹೊಗಳಿಕೆಯನ್ನು ಅರಿಹಂತ ಜೀವಮಾನದಲ್ಲಿ ಕೇಳಿರಲಿಲ್ಲ.

ಒಪ್ಪಿದ ಹಣವನ್ನು ಮೊಬೈಲಿನಲ್ಲೇ ಕಳಿಸಿದ. ಕಾಗದಕ್ಕೆ ಇಬ್ಬರೂ ಸಹಿ ಹಾಕಿದರು. ಗಜಾನನರ ಸಹಿ ಕಾಗದದ ಮೇಲೆ ಇರುವೆ ಹರಿದಂತೆ ಆಯಿತು. ಕಾಲುವೆಗಳ ನಕ್ಷೆ ಬರೆದ ಕೈ ಅದು.

"ಒಂದ ಸಲ ಹಿಡೀಲೇನ್ರಿ?" ಎಂದು ಕೇಳಿದರು. ಈಗ ರೈಫಲ್ಲು ಅರಿಹಂತನದು, ಅದಕ್ಕೇ ಕೇಳಿದರು.

ಭುಜಕ್ಕೆ ಆನಿಸಿಕೊಂಡು ನಿಂತರು. ನಿಲುವು ಕಲ್ಲಿನಲ್ಲಿ ಕಡೆದಂತಿತ್ತು. ನಳಿಗೆಯ ತುದಿ ಮಾತ್ರ ಗಾಳಿಯಲ್ಲಿ ಸುತ್ತುತ್ತ ಏನನ್ನೋ ಬರೆಯುತ್ತಿತ್ತು, ಬರೆದದ್ದನ್ನೇ ಅಳಿಸಿ ಮತ್ತೆ ಬರೆಯುತ್ತಿತ್ತು. ಪರಪ್ಪ ಮುಖ ತಿರುಗಿಸಿ ಬಾಗಿಲ ಕಡೆ ನೋಡಿದ. ಅರಿಹಂತ ತನ್ನ ಎರಡೂ ಅಂಗೈಗಳನ್ನು ಎದುರಿಗೆ ಚಾಚಿ ನೋಡಿಕೊಂಡ. ಕದಲುತ್ತಿರಲಿಲ್ಲ. ಸಂಕಟವಾಗಬೇಕಿತ್ತು ಎಂದು ಅವನಿಗೆ ಗೊತ್ತಿತ್ತು. ಆದದ್ದು ಸಂತೋಷ.

"ಒಯ್ರಿ," ಎಂದು ಗಜಾನನ ರೈಫಲ್ಲು ಕೊಟ್ಟು, ಸೀರೆಯನ್ನು ಮಾತ್ರ ಮಡಚಿ ಚೀಲದಲ್ಲಿಟ್ಟುಕೊಂಡರು.

ಘಟಪ್ರಭಾ ದಾಟಿ ಗೋಕಾಕದ ದಾರಿ ಹಿಡಿದಾಗ ಬೆನ್ನಿಗೆ ಪರಪ್ಪ ಕೊಟ್ಟಿದ್ದ ರೈಫಲ್ ಪೆಟ್ಟಿಗೆಯ ಭಾರ ಹಿತವಾಗಿತ್ತು. ಎರಡೂ ಬದಿಗೆ ಕಬ್ಬು. ಹೇರು ತುಂಬಿದ ಟ್ರ್ಯಾಕ್ಟರುಗಳನ್ನು ಒಂದೊಂದಾಗಿ ಹಿಂದೆ ಹಾಕಿದ. ಪ್ರತಿಯೊಂದನ್ನು ದಾಟಿದಾಗಲೂ ಮನಸ್ಸಿನಲ್ಲಿ ಹತ್ತು, ಹತ್ತು, ಹತ್ತು ಎಂದು ಎಣಿಸಿದ. ನಾಳೆ ಮಲ್ಲೇಶ ಚಹಾ ಆತೇನ್ರಿ ಎಂದಾಗ, ಉತ್ತರ ಕೊಡದೆ ಹಾಳೆಯನ್ನು ಮೇಜಿನ ಮೇಲಿಡಬೇಕು. ಅಥವಾ ಇಡಬಾರದು. ಗೊತ್ತಿದ್ದೂ ಹೇಳದೆ ಇರುವುದರಲ್ಲೇ ಹೆಚ್ಚಿನ ಗತ್ತು ಇದೆ.

ಗೋಕಾಕದಲ್ಲಿ ಬೈಕು ನಿಲ್ಲಿಸಿ ಕರದಂಟು ತೆಗೆದುಕೊಂಡ. ಹಣ ಕೊಡಲು ಮೊಬೈಲು ತೆಗೆದಾಗ ದೀಪಾಲಿಯ ನಾಲ್ಕು ಕರೆಗಳು ಬಂದು ಹೋಗಿದ್ದು ಕಂಡಿತು. ತಿರುಗಿ ಮಾಡಲು ಬೆರಳು ಹೋಯಿತು. ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಇದು ಎಂದು ಜೇಬಿಗೆ ಹಾಕಿಕೊಂಡ. ಅವಳ ಸುದ್ದಿಯೂ ಇರಬಹುದೆಂದು ಕಲ್ಲೋಳಿ ದಾಟಿದ ಮೇಲೆ ಹೊಳೆಯಿತು. ಆಗ ಮನೆ ಹತ್ತಿರವೇ ಬಂದಿತ್ತು.

ಅವನು ಒಳಗೆ ಬಂದಾಗ ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆ ಇತ್ತು. ಹೊತ್ತು ಮುಳುಗಿದ ಮೇಲೆ ಜೈನರ ಆ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ತಾಯಿ ಪದ್ಮವ್ವ ಕೈ ತೊಳೆದು ಬಂದು ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ಸೋಸದ ನೀರು ಬಾಯಿಗೆ ಹಾಕದವಳು, ಕೂಡುವ ಮುಂಚೆ ನೆಲವನ್ನು ಸೆರಗಿನಿಂದ ಸವರಿ ಇರುವೆ ಸರಿಸುವವಳು. ಅರಿಹಂತ ಕರದಂಟಿನ ಪೆಟ್ಟಿಗೆ ಬಿಚ್ಚಿ ಅವಳ ಮುಂದಿಟ್ಟ. ಆಮೇಲೆ ರೈಫಲ್ಲಿನ ಪೆಟ್ಟಿಗೆ ಬಿಚ್ಚಿದ.

ಪದ್ಮವ್ವ ಹೆದರಲಿಲ್ಲ. "ಯಾರನ್ನ ಹೊಡಿತೈತೋ ಇದು?"

"ಯಾರನ್ನೂ ಇಲ್ಲವ್ವಾ. ಕಾಗದಾ ಅಷ್ಟ." ಹಾಳೆಯನ್ನು ಅವಳ ಕೈಗೆ ಕೊಟ್ಟ. "ಹತ್ತ ಗುಂಡು. ಒಂದಽ ತೂತು. ನೂರಕ್ಕ ನೂರು."

ಅವಳು ಹಾಳೆಯನ್ನು ಕಣ್ಣ ಹತ್ತಿರ ಹಿಡಿದು, ತೂತಿನ ಅಂಚನ್ನು ಕಿರುಬೆರಳಿನಿಂದ ಮುಟ್ಟಿದಳು.

"ಕಾಗದಾ ನಿನಗ ಏನ ಮಾಡಿತ್ತಪಾ?" ಎಂದಳು.

ಅವನು ನಕ್ಕ. ಹೇಳಿದರೆ ತಿಳಿಯುವುದಿಲ್ಲ, ಮಾಡಿ ತೋರಿಸಬೇಕು. ಗುಂಡಿಲ್ಲದ ಖಾಲಿ ರೈಫಲ್ಲನ್ನು ಎತ್ತಿ ಭುಜಕ್ಕೆ ಆನಿಸಿದ. ಎದುರಿನ ಸುಣ್ಣದ ಗೋಡೆಯ ಮೇಲೆ ಮೊಳೆ ಕಿತ್ತ ಒಂದು ಕರಿ ಚುಕ್ಕೆ ಇತ್ತು. ಅದಕ್ಕೆ ಗುರಿಯಿಟ್ಟ.

ದೀಪಾಲಿ ಅಡುಗೆಮನೆಯಿಂದ ಬಂದು ಅವನ ಪಕ್ಕದಲ್ಲಿ ನಿಂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದು ಕಣ್ಣಂಚಿಗೆ ಕಂಡಿತು.

"ಅದನ್ನೊಂದಿಷ್ಟ ಕೆಳಗಿಡ್ರಿ. ಮಾತ ಐತಿ."

"ಒಂದ ಮಿನಿಟ."

ಅವಳು ಕಾದಳು. ಆಮೇಲೆ ಕಾಯಲಿಲ್ಲ.

"ಬ್ಯಾಂಕಿನ್ಯಾಗ ನನಗ ಪ್ರಮೋಷನ್ ಆಗೈತಿ. ಸಾಂಗ್ಲಿಗೆ ಹಾಕ್ಯಾರ. ನಾಳೆ ಬಿಟ್ಟ ಮುಂದಿನ ಸೋಮವಾರ ಹಾಜರಾಗಬೇಕು. ಹೂಂ ಅಂತ ಮೊಬೈಲಿನ್ಯಾಗ ಬರದ ಕಳಿಸೇನಿ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮಧ್ಯಾಹ್ನ ಕೇಳಬೇಕಂತ ಫೋನ ಮಾಡಿದ್ದೆ. ಈಗ ಕೇಳಾಕತ್ತಿಲ್ಲ. ಹೇಳಾಕತ್ತೇನಿ."

ಚುಕ್ಕೆ ನಳಿಗೆಯ ತುದಿಯಲ್ಲಿದ್ದ ಗುರಿಯ ಉಂಗುರದ ನಟ್ಟನಡುವೆ ಬಂದು ನಿಂತಿತು.

"ಅತ್ತಿಯವರೂ ನನ್ನ ಜೋಡಿ ಬರ್ತೇನಿ ಅಂದಾರ."

ಪದ್ಮವ್ವ ಹಾಳೆಯನ್ನು ಮಡಚುವ ಸಪ್ಪಳ ಕೇಳಿತು.

"ಕೇಳಾಕತ್ತೀರೇನ್ರಿ?"

ಕೇಳುತ್ತಿತ್ತು. ಪ್ರತಿ ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ಕರಿ ವೃತ್ತದ ಹೊರಗೆ, ಬಿಳಿಯಲ್ಲಿ ಎಲ್ಲೋ ಬೀಳುತ್ತಿತ್ತು. ಎಂಟು ಸೆಕೆಂಡಿಗಿಂತ ಹೆಚ್ಚು ಅವನು ಎಂದೂ ಹೀಗೆ ಹಿಡಿದಿರಲಿಲ್ಲ. ಈಗ ಹದಿನೈದು ಆಗಿರಬೇಕು. ಇಪ್ಪತ್ತು. ಉಂಗುರ ಕೂದಲೆಳೆಯಷ್ಟೂ ಕದಲಲಿಲ್ಲ. ಗೋದಾಮಿನಲ್ಲಿ ಒಂದು ಗಳಿಗೆಗೆ ಸಿಕ್ಕಿದ್ದ ಆ ಖಾಲಿ ಜಾಗ ಈಗ ಕೊನೆಯಿಲ್ಲದೆ ಚಾಚಿಕೊಂಡಿತ್ತು. ಯಾವ ವೈಸೂ ಹೀಗೆ ಹಿಡಿಯಲಾರದು ಎಂದು ಅವನಿಗೆ ಖಚಿತವಾಗಿ ಗೊತ್ತಾಯಿತು. ಗೆಲುವು ಎದೆಯಿಂದ ತಲೆಯವರೆಗೆ ತುಂಬಿ ಬಂತು.

ದೀಪಾಲಿ ಇನ್ನೂ ನಿಂತಿದ್ದಳೋ, ಹೋದಳೋ.

ಕರದಂಟಿಗೆ ಮುತ್ತಿದ್ದ ನೊಣಗಳಲ್ಲೊಂದು ಎದ್ದು ಬಂದು ಅವನ ಎಡಗೆನ್ನೆಯ ಮೇಲೆ ಕೂತಿತು. ಮೇಲೇರಿತು. ತೆರೆದ ಕಣ್ಣಿನ ಕೆಳರೆಪ್ಪೆಯ ಅಂಚಿಗೆ ಬಂದು ಮುಂಗಾಲುಗಳನ್ನು ಉಜ್ಜಿಕೊಂಡಿತು. ಅವನು ರೆಪ್ಪೆ ಬಡಿಯಲಿಲ್ಲ. ನೊಣ ಎರಡು ಹೆಜ್ಜೆ ನಡೆದು, ತೇವ ಸಿಕ್ಕಲ್ಲಿ ಬಾಯಿಟ್ಟು, ಅವಸರವಿಲ್ಲದೆ ಕುಡಿಯತೊಡಗಿತು.