ನಲವತ್ತು ಜನ ಎಳೆದ ಲಾಂಚ್

ಸಿಯೋಕಾ ಕಡವಿನ ಲಾಂಚ್ ಕೆಟ್ಟು ನಿಂತು ಹದಿಮೂರು ತಿಂಗಳಾಗಿತ್ತು. ಲಾರಿ, ದನ, ಜನ, ಮೀನಿನ ಬುಟ್ಟಿ ಎಲ್ಲವನ್ನೂ ಹೊತ್ತು ಹೊಳೆ ದಾಟಿಸುತ್ತಿದ್ದ ಸರ್ಕಾರಿ ಲಾಂಚ್ ಅದು. ಈಗ ಅದರ ಮೇಲೆ ಊರಿನ ಹೆಂಗಸರು ಮೀನು ಒಣಹಾಕುತ್ತಿದ್ದರು. ಹೊಳೆ ದಾಟಬೇಕಾದವರು ಮರ ಕೊರೆದು ಮಾಡಿದ ಸಣ್ಣ ದೋಣಿ ಹತ್ತುತ್ತಿದ್ದರು. ಅದರಲ್ಲಿ ಒಬ್ಬರು ಸೀನಿದರೂ ಉಳಿದವರಿಗೆ ಜೀವ ಬಾಯಿಗೆ ಬರುತ್ತಿತ್ತು.

ಲಾಂಚಿನ ಚಾಲಕ ಲಿಕಾಂಡೊ. ಇಪ್ಪತ್ತೆರಡು ವರ್ಷ ಅದೇ ಚಕ್ರ ಹಿಡಿದವನು. ಓಡದ ಲಾಂಚನ್ನೂ ದಿನಾ ಬೆಳಿಗ್ಗೆ ಒರೆಸಿ, ಟೋಪಿ ಹಾಕಿಕೊಂಡು ಅದರ ಪಕ್ಕದಲ್ಲೇ ಕೂರುತ್ತಿದ್ದ. ಯಾರಾದರೂ ನಕ್ಕರೆ, "ಲಾಂಚಿಗೆ ಜ್ವರ ಬಂದಿದೆ ಕಣ್ರೋ, ಸತ್ತಿಲ್ಲ" ಅನ್ನುತ್ತಿದ್ದ.

ಆದರೆ ಆ ವರ್ಷ ಅವನಿಗೆ ನಗು ಬರುತ್ತಿರಲಿಲ್ಲ. ಮಗಳು ನಾಸಿಲೆಲೆ ಬಸುರಿ. ಹೊಟ್ಟೆಯಲ್ಲಿ ಅವಳಿ ಮಕ್ಕಳಿವೆ, ಇಲ್ಲಿ ಹೆರಿಗೆ ಬೇಡ, ಆಚೆ ದಡದ ದೊಡ್ಡಾಸ್ಪತ್ರೆಗೇ ಹೋಗಬೇಕು ಎಂದು ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದಳು. ದಿನ ತುಂಬುವುದು ಜನವರಿಯಲ್ಲಿ. ಅಷ್ಟರಲ್ಲಿ ಮಳೆ ಹಿಡಿದು ಹೊಳೆ ಉಕ್ಕಿರುತ್ತದೆ. ಆಂಬುಲೆನ್ಸ್ ಆಚೆ ದಡದಲ್ಲೇ ನಿಲ್ಲುತ್ತದೆ. ಹೆರಿಗೆ ನೋವು ತಿನ್ನುವವಳನ್ನು ತುಂಬಿದ ಹೊಳೆಯಲ್ಲಿ ಸಣ್ಣ ದೋಣಿಗೆ ಹತ್ತಿಸುವುದು ಹೇಗೆ? ಲಿಕಾಂಡೊನಿಗೆ ಇದನ್ನು ನೆನೆದರೆ ಅನ್ನ ಸೇರುತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಪಕ್ಕದ ಮನೆಯ ಇನುಟು ಅವನನ್ನು ಹುಡುಕಿಕೊಂಡು ಬಂದಳು. ಅವಳು ಪಟ್ಟಣದಲ್ಲಿ, ಕ್ಷೇತ್ರದ ಸಂಸದೆಯ ಕಚೇರಿಯಲ್ಲಿ ಗುಮಾಸ್ತೆ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದಳು.

"ದೊಡ್ಡಪ್ಪ, ಲಾಂಚ್ ಕೆಟ್ಟಿದ್ದು ಯಾವ ತಾರೀಕು? ಏನು ಕೆಟ್ಟಿದೆ? ಯಾರ್ಯಾರಿಗೆ ಹೇಳಿದ್ದೀಯ? ಎಲ್ಲಾ ಹೇಳು, ಬರ್ಕೋತೀನಿ."

"ಯಾಕಮ್ಮಾ? ಲಾಂಚಿಗೆ ಮದುವೆ ಮಾಡ್ಸ್ತೀಯಾ?"

"ಸಂಸತ್ತಲ್ಲಿ ಪ್ರಶ್ನೆ ಕೇಳಿಸ್ತೀನಿ. ನಮ್ಮ ಸಂಸದೆ ಎದ್ದು ನಿಂತು ಕೇಳ್ತಾರೆ, ಮಂತ್ರಿ ಉತ್ತರ ಕೊಡ್ಲೇಬೇಕು."

ಲಿಕಾಂಡೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಂತ್ರಿಗೆ ಪ್ರಶ್ನೆ ಕೇಳೋದಾ! ಏನೇ ಇನುಟು, ನಿಂಗೆ ಬುದ್ಧಿ ನೆಟ್ಟಗಿದೆಯಾ? ದೊಡ್ಡೋರು ಬಂದ್ರೆ ಮಂಡಿಯೂರಿ ಚಪ್ಪಾಳೆ ತಟ್ಟಿ ನಮಸ್ಕಾರ ಮಾಡೋ ಜನ ನಾವು. ಎದುರು ನಿಂತು 'ಎಲ್ಲಿ, ಯಾವಾಗ, ಯಾಕೆ' ಅಂತ ಕೇಳಿದ್ರೆ ಮರ್ಯಾದೆ ಉಳಿಯತ್ತಾ?"

"ಚಪ್ಪಾಳೆ ಬೇಡ ಅಂದೋರ್ಯಾರು? ತಟ್ಟು. ತಟ್ಟಿದ್ಮೇಲೆ ಕೇಳು. ಸಂಸದೆನ ನಾವು ರಾಜಧಾನಿ ಲುಸಾಕಕ್ಕೆ ಕಳಿಸಿದ್ದು ಕೂತು ಚಹಾ ಕುಡೀಲಿ ಅಂತಲ್ಲ. ಕೇಳೋದೇ ಅವರ ಕೆಲಸ."

"ಕೇಳಿದ್ರೆ ಮಂತ್ರಿಗೆ ಸಿಟ್ಟು ಬರತ್ತೆ. ಸಿಟ್ಟು ಬಂದ್ರೆ ಇರೋ ಲಾಂಚನ್ನೂ ಎತ್ಕೊಂಡು ಹೋಗ್ತಾರೆ."

ಒಳಗೆ ಮುದ್ದೆ ತೊಳಸುತ್ತಿದ್ದ ಅವನ ಹೆಂಡತಿ, ಊರೆಲ್ಲ ಮಗಳ ಹೆಸರು ಹಿಡಿದೇ 'ಮಾ ನಾಸಿಲೆಲೆ' ಎಂದು ಕರೆಯುವವಳು, ಕೈಯಲ್ಲಿದ್ದ ಕೋಲಿನ ಸಮೇತ ಹೊರಗೆ ಬಂದಳು. "ಎತ್ಕೊಂಡು ಹೋಗ್ಲಿ! ಓಡದ ಲಾಂಚ್ ಇದ್ರೆಷ್ಟು ಬಿಟ್ರೆಷ್ಟು? ನಿಮ್ಮ ಮರ್ಯಾದೆ ಹಿಡ್ಕೊಂಡು ನನ್ನ ಮಗಳು ಹೊಳೆ ದಾಟ್ತಾಳಾ? ಬರ್ಕೋ ಇನುಟು. ಆಗಸ್ಟ್ ಒಂಬತ್ತನೇ ತಾರೀಕು, ಹೋದ ವರ್ಷ. ಅವತ್ತು ಈ ಮನುಷ್ಯ ಊಟಾನೇ ಮಾಡ್ಲಿಲ್ಲ, ನಂಗೆ ಚೆನ್ನಾಗಿ ನೆನಪಿದೆ."

ಲಿಕಾಂಡೊ ಗೊಣಗುತ್ತಲೇ ಉಳಿದದ್ದೆಲ್ಲ ಹೇಳಿದ. ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ. ಬಚ್ಚಿಡಬೇಕೆಂದಲ್ಲ. ಅದು ಹೇಳುವಂಥ ವಿಷಯ ಎಂದು ಅವನಿಗೆ ಅನ್ನಿಸಲೇ ಇಲ್ಲ.

ಅಕ್ಟೋಬರಿನಲ್ಲಿ ಪ್ರಶ್ನೆಯ ದಿನ ಬಂತು. ಸಂಸತ್ತಿನ ಕಲಾಪ ರೇಡಿಯೋದಲ್ಲಿ ನೇರವಾಗಿ ಬರುತ್ತದೆ. ಇನುಟು ರಜೆ ಹಾಕಿ ಬಂದಿದ್ದಳು. ಮಾವಿನ ಮರದ ಕೆಳಗೆ ಊರಿಗೆ ಊರೇ ಸೇರಿತ್ತು. ಲಿಕಾಂಡೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರೇಡಿಯೋ ಮುಂದೆ ನೆಟ್ಟಗೆ ಕುಳಿತ, ಮಂತ್ರಿಗೆ ತಾನು ಕಾಣಿಸುತ್ತೇನೋ ಎಂಬಂತೆ.

ಸಂಸದೆ ಮುಯುಂಡಾ ಎದ್ದರು. ಸಿಯೋಕಾ ಲಾಂಚ್ ಯಾವಾಗ ರಿಪೇರಿಯಾಗುತ್ತದೆ, ಅದಕ್ಕಾಗಿ ಈ ವರ್ಷ ಇಟ್ಟಿದ್ದ ಹಣ ಏನಾಯಿತು ಎಂದು ಕೇಳಿದರು. ತಮ್ಮೂರಿನ ಹೆಸರು ರೇಡಿಯೋದಲ್ಲಿ ಬಂದದ್ದೇ ತಡ, ಹೆಂಗಸರು ಸಂತೋಷದಿಂದ ಕೂಗು ಹಾಕಿದರು. "ಶ್ಶ್! ಮಂತ್ರಿ ಎದ್ರು!" ಎಂದು ಇನುಟು ಗದರಿದಳು.

ಮಂತ್ರಿಯ ದನಿ ಬಲು ಮೆದುವಾಗಿತ್ತು. "ಮಾನ್ಯ ಸಭಾಧ್ಯಕ್ಷರೇ, ಸದಸ್ಯೆಗೆ ಸಂತೋಷದ ಸುದ್ದಿ ಕೊಡುತ್ತೇನೆ. ಸಿಯೋಕಾ ಲಾಂಚ್ ಚೆನ್ನಾಗಿ ಓಡುತ್ತಿದೆ. ಜುಲೈನಲ್ಲಿ ನಮ್ಮ ಅಧಿಕಾರಿಯೇ ಅದರಲ್ಲಿ ಹೊಳೆ ದಾಟಿದ್ದಾರೆ. ಇಂಜಿನ್ನಿನ ಸದ್ದೇ ಕೇಳದಷ್ಟು ನಯವಾಗಿ ಸಾಗಿತು ಎಂದು ವರದಿ ಕೊಟ್ಟಿದ್ದಾರೆ. ಆದ್ದರಿಂದ ರಿಪೇರಿಯ ಹಣವನ್ನು ಬೇರೆ ಕಡವಿಗೆ ಕೊಡಲು ಕಡತ ಸಿದ್ಧವಾಗಿದೆ."

ಮರದ ಕೆಳಗಿದ್ದ ಎಲ್ಲರ ಕಣ್ಣೂ ಲಿಕಾಂಡೊನ ಮೇಲೆ ಬಿತ್ತು.

"ಏನು ದೊಡ್ಡಪ್ಪ ಇದು? ಆಯಪ್ಪ ಸುಳ್ಳು ಹೇಳ್ತಿದ್ದಾರಾ?" ಎಂದಳು ಇನುಟು.

"ಸುಳ್ಳಲ್ಲಮ್ಮ," ಎಂದ ಲಿಕಾಂಡೊ. "ದಾಟಿದ್ದು ನಿಜ. ನಾವೇ ಎಳೆದ್ವಿ."

ಆದದ್ದು ಇಷ್ಟು. ಜುಲೈನಲ್ಲಿ ಅಧಿಕಾರಿ ಆಚೆ ದಡಕ್ಕೆ ಬರುತ್ತಾರೆಂದು ಮೊದಲೇ ಸುದ್ದಿ ಬಂದಿತ್ತು. ನೀರು ಕಡಿಮೆಯಿತ್ತು. ಮನೆಗೆ ಬಂದ ನೆಂಟರನ್ನು ಬಿಸಿಲಲ್ಲಿ ನಿಲ್ಲಿಸುವುದುಂಟೇ? ಲಿಕಾಂಡೊ ನಲವತ್ತು ಗಂಡಸರನ್ನು ಸೇರಿಸಿ, ದಪ್ಪ ಹಗ್ಗ ಕಟ್ಟಿ, ಅವರು ಬರುವ ಮೊದಲೇ ಲಾಂಚನ್ನು ಆಚೆ ದಡಕ್ಕೆ ಎಳೆಸಿದ್ದ. ಸಾಹೇಬರಿಗೆ ಕುರ್ಚಿ ಹಾಕಿ, ನೆರಳು ಕಟ್ಟಿ, ಸುಟ್ಟ ಮೀನು, ಹುಳಿ ಹಾಲು ಕೊಟ್ಟು, ಕಿವಿಯ ಪಕ್ಕದಲ್ಲೇ ನಗಾರಿ ಬಾರಿಸಿ ಕರೆತಂದಿದ್ದರು. ಎಳೆಯುವವರು ಈಚೆ ದಡದ ಜೊಂಡಿನ ಮರೆಯಲ್ಲಿದ್ದರು. ಸಾಹೇಬರು ಮೀನಿನ ಮುಳ್ಳು ಬಿಡಿಸುವುದರಲ್ಲಿದ್ದರು. ಇಂಜಿನ್ ಕೇಳಿಸಬೇಕು ಎಂದು ಯಾರಿಗೆ ನೆನಪಾಗಬೇಕು!

"ಅಯ್ಯೋ ದೇವರೇ!" ಇನುಟು ಹಣೆ ಚಚ್ಚಿಕೊಂಡಳು. "ಮರ್ಯಾದೆ ಮಾಡಕ್ಕೆ ಹೋಗಿ ರಿಪೇರಿ ದುಡ್ಡಿಗೇ ಎಳ್ಳುನೀರು ಬಿಟ್ರಲ್ಲೋ! ಕೆಟ್ಟಿದೆ ಸ್ವಾಮಿ ಅಂತ ಒಂದ್ಮಾತು ಹೇಳಕ್ಕೆ ಏನಾಗಿತ್ತು?"

"ಊಟದ ಹೊತ್ತಲ್ಲಿ ಕಷ್ಟ ಹೇಳಬಾರ್ದು ಅಂತ..."

ರೇಡಿಯೋದಲ್ಲಿ ಇನ್ನೊಬ್ಬ ಸದಸ್ಯರು ತಮ್ಮೂರಿನ ಸೇತುವೆಯ ಬಗ್ಗೆ ಕೇಳಲು ಎದ್ದಿದ್ದರು. ಇನುಟು ಫೋನ್ ಹೊರತೆಗೆದಳು. "ಉಪಪ್ರಶ್ನೆ ಕೇಳಕ್ಕೆ ಅವಕಾಶ ಇನ್ನೂ ಇದೆ. ಈಗ್ಲೇ ಸಂಸದೆಗೆ ನಿಜ ಬರೆದು ಕಳಿಸ್ಬೇಕು. ಆದ್ರೆ ದೊಡ್ಡಪ್ಪ, ನಿನ್ನ ಹೆಸರು ಹೇಳ್ಬೇಕಾಗತ್ತೆ. ದೇಶಾನೇ ಕೇಳತ್ತೆ."

ಲಿಕಾಂಡೊ ಮಗಳ ಕಡೆ ನೋಡಿದ. ನಾಸಿಲೆಲೆ ಚಾಪೆಯ ಮೇಲೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕುಳಿತಿದ್ದಳು. ಅಪ್ಪನನ್ನೇ ನೋಡುತ್ತಿದ್ದಳು. ನಾಚಿಕೆ ಪಡುವುದಿದ್ದರೆ ಇವಳ ಮುಂದೆ ಪಡಬೇಕು, ದೇಶದ ಮುಂದಲ್ಲ ಎಂದು ಅವನಿಗೆ ಅನ್ನಿಸಿತು.

"ಬರಿ," ಎಂದ. "ಎಳೆಸಿದ್ದು ಚಾಲಕ ಲಿಕಾಂಡೊ ಅಂತಾನೇ ಬರಿ. ನಲವತ್ತು ಜನ ಅಂತ ಸರಿಯಾಗಿ ಬರಿ, ಕಮ್ಮಿ ಮಾಡ್ಬೇಡ."

ಆ ಊರಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ದೊಡ್ಡ ಹುತ್ತದ ತುದಿಯಲ್ಲಿ ಮಾತ್ರ. ಇನುಟು ಸೊಂಟದ ಬಟ್ಟೆ ಬಿಗಿದು ಓಡಿದಳು, ಚಪ್ಪಲಿ ಒಂದು ಕಡೆ, ಅವಳೊಂದು ಕಡೆ. ಹುತ್ತ ಹತ್ತಿ ಕೈ ಮೇಲೆತ್ತಿ ನಿಂತಳು. "ಹೋಯ್ತಾ?" ಎಂದು ಊರೆಲ್ಲ ಕೂಗಿತು. "ಇಲ್ಲ!" ಊರು ಮತ್ತೆ ಅದನ್ನೇ ಕೂಗಿತು. "ಹೋಯ್ತು!" ಎಂದು ಇನುಟು ಮೇಲಿಂದ ಚೀರಿದಳು.

ಐದು ನಿಮಿಷ ಕಳೆಯಿತು. ಸಂಸದೆ ಮುಯುಂಡಾ ಮತ್ತೆ ಎದ್ದರು. "ಮಾನ್ಯ ಸಭಾಧ್ಯಕ್ಷರೇ, ಅಧಿಕಾರಿಗೆ ಇಂಜಿನ್ನಿನ ಸದ್ದು ಕೇಳಲಿಲ್ಲ, ನಿಜ. ಏಕೆಂದರೆ ಅವತ್ತು ಲಾಂಚಿಗಿದ್ದ ಇಂಜಿನ್ ನಲವತ್ತು ಗಂಡಸರು. ಅವರು ಹಗ್ಗ ಹಿಡಿದು ಎಳೆದಿದ್ದಾರೆ. ಚಾಲಕ ಲಿಕಾಂಡೊ ಅವರೇ ಈಗ ಒಪ್ಪಿಕೊಂಡು ತಿಳಿಸಿದ್ದಾರೆ. ಮಳೆಗಾಲದಲ್ಲಿ ಅವರು ಎಳೆಯಲಾರರು. ಮಂತ್ರಿಗಳು ಏನು ಮಾಡುತ್ತಾರೆ?"

ಸಭೆಗೆ ಸಭೆಯೇ ನಕ್ಕಿತು. ಮಂತ್ರಿಯೂ ನಕ್ಕರು. ಸಿಟ್ಟಾಗಲಿಲ್ಲ. "ನಲವತ್ತು ಜನರಿಗೂ ನನ್ನ ನಮಸ್ಕಾರ. ಕಡತ ತಡೆಹಿಡಿಯುತ್ತೇನೆ. ಎರಡು ವಾರದೊಳಗೆ ಎಂಜಿನಿಯರ್ ಕಳಿಸುತ್ತೇನೆ. ಮಳೆ ಜೋರಾಗುವ ಮೊದಲು ಇಂಜಿನ್ ಕೂರುತ್ತದೆ ಎಂದು ಈ ಸದನಕ್ಕೆ ಭರವಸೆ ಕೊಡುತ್ತೇನೆ."

"ಭರವಸೆ ಎಲ್ರೂ ಕೊಡ್ತಾರೆ ಬಿಡು," ಎಂದ ಲಿಕಾಂಡೊ, ಅಭ್ಯಾಸ ಬಲ.

"ಇದು ಹಾಗಲ್ಲ ದೊಡ್ಡಪ್ಪ. ಸದನದಲ್ಲಿ ಕೊಟ್ಟ ಭರವಸೆ ಬರಹದಲ್ಲಿ ದಾಖಲಾಗತ್ತೆ. ಮಾಡಿದ್ರೋ ಇಲ್ವೋ ಅಂತ ನೋಡಕ್ಕೇ ಸಂಸದರ ಸಮಿತಿ ಇದೆ. ಮಾಡ್ದಿದ್ರೆ ಮತ್ತೆ ಕೇಳ್ತಾರೆ. ನಾವೂ ಬಿಡಲ್ಲ."

ಹನ್ನೆರಡನೇ ದಿನ ಎಂಜಿನಿಯರ್ ಆಚೆ ದಡದಲ್ಲಿ ಬಂದು ನಿಂತು ಕೈ ಬೀಸಿದರು. ಲಿಕಾಂಡೊನ ಕೈ ತುರಿಸತೊಡಗಿತು. "ಪಾಪ, ಬಿಸಿಲಲ್ಲಿ ನಿಂತಿದ್ದಾರೆ. ಇದೊಂದ್ಸಲ ಎಳೆದ್ಬಿಟ್ರೆ..." ಎಂದು ಹಗ್ಗದ ಕಡೆ ನಡೆದ. ಮಾ ನಾಸಿಲೆಲೆ ಆ ಹಗ್ಗದ ಸುರುಳಿಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. "ನನ್ನನ್ನ ಎತ್ತಿ ತಗೊಳ್ಳಿ ನೋಡೋಣ!" ಅವಳನ್ನು ಎತ್ತಲು ನಲವತ್ತು ಜನರೂ ಸಾಲರು ಎಂದು ಲಿಕಾಂಡೊ ಸುಮ್ಮನಾದ.

ಎಂಜಿನಿಯರ್ ಸಣ್ಣ ದೋಣಿಯಲ್ಲೇ ಬಂದರು. ಅರ್ಧ ದಾರಿಯಲ್ಲಿ ದೋಣಿ ವಾಲಿ ಸೊಂಟದವರೆಗೆ ನೆನೆದರು. ದಡ ಹತ್ತಿದವರೇ, "ದಿನಾ ಹೀಗೇನಾ ನೀವು ದಾಟೋದು?" ಎಂದರು. ಲಿಕಾಂಡೊ ಮಂಡಿಯೂರಿ, ಚಪ್ಪಾಳೆ ತಟ್ಟಿ ಗೌರವದಿಂದ ನಮಸ್ಕರಿಸಿದ. ಆಮೇಲೆ ತಲೆಯೆತ್ತಿ ಹೇಳಿದ: "ಹೌದು ಸ್ವಾಮಿ. ಹೀಗೇನೇ. ಬನ್ನಿ, ಕೆಟ್ಟಿರೋದನ್ನ ತೋರಿಸ್ತೀನಿ. ಊಟ ಆಮೇಲೆ."

ಡಿಸೆಂಬರ್ ಮೊದಲ ವಾರ ಹೊಸ ಇಂಜಿನ್ ಬಂತು. ಜನವರಿ ಹದಿನೇಳರ ಬೆಳಿಗ್ಗೆ ಹೊಳೆ ಕೆಂಪಗೆ, ದಡ ಮೀರಿ ಹರಿಯುತ್ತಿದ್ದಾಗ ಆಂಬುಲೆನ್ಸ್ ಲಾಂಚಿನ ಮೇಲೇರಿ ಈಚೆ ದಡಕ್ಕೆ ಬಂತು, ನಾಸಿಲೆಲೆಯನ್ನು ಹತ್ತಿಸಿಕೊಂಡು ವಾಪಸು ಹೊರಟಿತು. ಚಕ್ರ ಹಿಡಿದ ಲಿಕಾಂಡೊ ಹಿಂದಿರುಗಿ ನೋಡಲಿಲ್ಲ. ನೋಡಿದರೆ ಅತ್ತುಬಿಡುತ್ತೇನೆಂದು ಅವನಿಗೆ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಒಂದು ಗಂಡು, ಒಂದು ಹೆಣ್ಣು, ತಾಯಿ ಕ್ಷೇಮ. ಆಗ ಅವನು ಲಾಂಚನ್ನು ದಡಕ್ಕೆ ಕಟ್ಟಿ, ಎಲ್ಲರೆದುರೇ ಗಳಗಳ ಅತ್ತ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಏನೋ ಒಂದು ಕೆಟ್ಟು ನಿಂತಿರುತ್ತದೆ. ಬೋರ್‌ವೆಲ್ ಇರಬಹುದು, ಶಾಲೆಯ ಸೂರು ಇರಬಹುದು, ಬಾಗಿಲು ತೆರೆಯದ ಆಸ್ಪತ್ರೆ ಇರಬಹುದು. ಹೇಗೋ ನಡೆಯುತ್ತದೆ ಎಂದು ನೀವೇ ಅದನ್ನು ಎಳೆಯುತ್ತಾ ಕೂರಬೇಡಿ. ನೋಡಲು ಬಂದವರಿಗೆ ಹೊಟ್ಟೆ ತುಂಬ ಊಟ ಹಾಕಿ, ಆದರೆ ಕೆಟ್ಟದ್ದನ್ನು ಕೆಟ್ಟಿದೆ ಎಂದೇ ತೋರಿಸಿ. ಏನು ಕೆಟ್ಟಿದೆ, ಎಲ್ಲಿ, ಯಾವ ತಾರೀಕಿನಿಂದ ಎಂದು ಬರೆದು ನಿಮ್ಮ ಪ್ರತಿನಿಧಿಯ ಕೈಗೆ ಕೊಡಿ, ಸದನದಲ್ಲಿ ಕೇಳಿ ಎಂದು ಹೇಳಿ. ಮಂತ್ರಿ ಏನು ಉತ್ತರ ಕೊಟ್ಟರು ಎಂದು ಕಿವಿಗೊಟ್ಟು ಕೇಳಿ. ಉತ್ತರ ತಪ್ಪಿದ್ದರೆ ನಿಜ ಏನೆಂದು ತಿಳಿಸಿ, ನಿಮ್ಮದೇ ತಪ್ಪಿದ್ದರೂ ಸರಿ. ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಕೇಳದಿದ್ದರೆ ಹೊಳೆಯ ಈಚೆ ದಡದಲ್ಲಿ ನಿಲ್ಲುವವರು ನಮ್ಮ ಮಕ್ಕಳೇ.