ಹದಿನೆಂಟನೇ ನಂಬರಿನ ಪಾಳಿ

ನಾನು ಒಂದು ರೈಲು ಹಳಿಯ ತುಂಡು. ಎರಡು ಅಡಿ ಉದ್ದ, ತುಕ್ಕಿನ ಬಣ್ಣ. ನೋಡಲು ಏನೂ ಚೆಂದವಿಲ್ಲ, ದನಿ ಮಾತ್ರ ಊರಾಚೆಯ ಹೊಲದವರೆಗೂ ಕೇಳುತ್ತದೆ. ಕುಲುಮೆಯಲ್ಲಿ ಕಾದು ಹುಟ್ಟಿದವನು. ಗದಗಿನ ಕಡೆಯ ಮೀಟರ್ ಗೇಜ್ ದಾರಿಯಲ್ಲಿ ಮೂವತ್ತು ವರ್ಷ ಮಲಗಿದ್ದೆ. ಮಠಕ್ಕೆ ಹೋಗುವವರು, ಉರುಸಿಗೆ ಹೋಗುವವರು, ಸಂತೆಗೆ ಹೋಗುವವರು ಎಲ್ಲರೂ ನನ್ನ ಮೇಲೇ ಹೋದರು. ಅವರ ಭಾರ ತಿಳಿಯುತ್ತಿತ್ತು, ದೇವರು ಯಾರೆಂದು ತಿಳಿಯುತ್ತಿರಲಿಲ್ಲ.

ದೊಡ್ಡ ಗೇಜು ಬಂದಾಗ ನಮ್ಮನ್ನೆಲ್ಲ ಕಿತ್ತರು. ಊರವರು ರೈಲ್ವೆಯವರನ್ನು ಕೇಳಿ ನನ್ನನ್ನು ತಂದು ಸರಕಾರಿ ಶಾಲೆಯ ಬೇವಿನ ಮರಕ್ಕೆ ತೂಗುಹಾಕಿದರು. ಅಂದಿನಿಂದ ನಾನೇ ಅಲ್ಲಿನ ಗಂಟೆ. ನಾನು ಹೇಳದೆ ಪ್ರಾರ್ಥನೆ ಶುರುವಾಗದು, ನಾನು ಹೇಳದೆ ಸಾರು ಬಡಿಸುವಂತಿಲ್ಲ. ಸ್ವಲ್ಪ ಜಂಬವಿತ್ತು ಎಂದರೆ ಅದು ನಿಜವೇ.

ಆ ಶಾಲೆಯಲ್ಲಿ ಒಂದು ಪದ್ಧತಿ. ಏಳನೇ ತರಗತಿಯ ಮಕ್ಕಳು ಹಾಜರಿ ನಂಬರಿನ ಪ್ರಕಾರ ಒಬ್ಬೊಬ್ಬರು ಒಂದೊಂದು ವಾರ ನನ್ನನ್ನು ಬಾರಿಸಬೇಕು. ಆ ವಾರ ಕಬ್ಬಿಣದ ಸಲಾಕೆ ಅವರ ಕೈಯಲ್ಲಿ. ಅವರ ನಡಿಗೆಯೇ ಬೇರೆ, ಗತ್ತೇ ಬೇರೆ. ಏಳನೇ ತರಗತಿಯ ನಂತರ ಮಕ್ಕಳು ಬೇರೆ ಊರಿನ ಹೈಸ್ಕೂಲಿಗೆ ಹೋಗುತ್ತಾರೆ. ಹಾಗಾಗಿ ಒಮ್ಮೆ ತಪ್ಪಿದ ಪಾಳಿ ಮತ್ತೆ ಬರುವುದಿಲ್ಲ.

ಮುಖ್ಯಶಿಕ್ಷಕಿ ನೀಲಗಂಗಾ ಟೀಚರ್ ಲಿಂಗಪೂಜೆ ಮಾಡದೆ ನೀರನ್ನೂ ಕುಡಿಯದವರು, ಹಣೆಯ ತುಂಬ ವಿಭೂತಿ. ಏಳನೇ ತರಗತಿಯ ಹದಿನೆಂಟನೇ ನಂಬರಿನ ದಿಲ್‌ಶಾದ್ ಪರೀಕ್ಷೆಗೆ ಮುಂಚೆ ನನ್ನ ಪಕ್ಕ ನಿಂತು ಅಂಗೈ ತೆರೆದು ದುವಾ ಓದುತ್ತಿದ್ದಳು. ಟೀಚರ್ ನೋಡುತ್ತಿದ್ದರು, ಅವಳು ಮುಗಿಸುವವರೆಗೆ ಪ್ರಶ್ನೆಪತ್ರಿಕೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಇದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ.

ಆ ವರ್ಷ ಊರಿನ ಶೇಖರಗೌಡರ ಮಗಳು ದೊಡ್ಡ ಕಾಯಿಲೆಯಿಂದ ಎದ್ದಳು. ಗೌಡರು ಹರಕೆಯೆಂದು ಕಂಚಿನ ಗಂಟೆ ಮಾಡಿಸಿ, ಮೇಲೆ ವೀರಭದ್ರನ ಮೂರ್ತಿ ಕೊರೆಸಿ ಶಾಲೆಗೆ ತಂದರು. ಟೀಚರ್ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ನನ್ನನ್ನು ಇಳಿಸಿ ಬೇವಿನ ಬುಡದಲ್ಲಿ ಇಟ್ಟರು. ನನಗೆ ಕೆಟ್ಟದೆನಿಸಿತು, ಆದರೆ ಅದರ ದನಿ ಇಂಪಾಗಿತ್ತು, ಸುಳ್ಳೇಕೆ ಹೇಳಲಿ.

ಬುಡದಿಂದ ನನಗೆ ಎಲ್ಲರ ಕಾಲು ಕಾಣುತ್ತಿತ್ತು. ಮೊದಲ ದಿನ ಒಬ್ಬ ಹುಡುಗ ಚಪ್ಪಲಿ ಬಿಟ್ಟು ಬಾರಿಸಿದ. ಮರುದಿನ ಎಲ್ಲರೂ ಬಿಟ್ಟರು. ಆಮೇಲೆ ಹೂವು ಬಂತು, ಕುಂಕುಮ ಬಂತು. ಸ್ನಾನ ಮಾಡದವರು ಮುಟ್ಟಬಾರದು ಎಂಬ ಮಾತೂ ಬಂತು. ಯಾರೂ ಹೇಳಿಕೊಡಲಿಲ್ಲ, ತಾನಾಗಿಯೇ ಬೆಳೆಯಿತು. ಹದಿನೇಳನೇ ನಂಬರಿನವನ ವಾರ ಮುಗಿದ ಮೇಲೆ ಸೋಮವಾರ ಹತ್ತೊಂಬತ್ತನೇ ನಂಬರಿನವಳು ಬಂದು ಬಾರಿಸಿದಳು.

ಮಧ್ಯಾಹ್ನ ದಿಲ್‌ಶಾದ್ ಮರದ ಕೆಳಗೆ ಟೀಚರನ್ನು ನಿಲ್ಲಿಸಿ ಕೇಳಿದಳು. "ಅಕ್ಕೋರ, ನನ್ನ ಪಾಳಿ ಹೋತೇನ್ರಿ?"

"ನಿನಗ ಯಾರರ ಬ್ಯಾಡ ಅಂದ್ರೇನವಾ?"

"ಯಾರೂ ಅನ್ಲಿಲ್ರಿ. ಅದು ದೇವರ ಗಂಟಿ, ನಿನಗ್ಯಾಕ ತ್ರಾಸು ಅಂತ ಬಿಟ್ಟು ಮುಂದ ಹೋದ್ರು. ನಾನೂ ಸುಮ್ನಾದ್ನಿ."

ಟೀಚರ್ ತಲೆಯೆತ್ತಿ ಕಂಚಿನ ಗಂಟೆಯನ್ನು ನೋಡಿದರು. "ತಪ್ಪು ನಂದವಾ. ತೊಗೊಳ್ಳೂವಾಗ ನಾ ವಿಚಾರ ಮಾಡಬೇಕಿತ್ತು" ಎಂದರು. ಸಂಜೆಯೊಳಗೆ ಕಂಚಿನ ಗಂಟೆ ಇಳಿಯಿತು. ಮಡಿ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟರು. ನಾನು ಮತ್ತೆ ಮರವೇರಿದೆ.

ಮರುದಿನ ಗೌಡರು ಬಂದರು. ಮುಖ ಕೆಂಪಾಗಿತ್ತು.

"ದೇವರನ್ನ ಸಾಲಿ ಬಿಟ್ಟು ಹೊರಗ ಹಾಕಿದ್ರೇನ್ರಿ ಅಕ್ಕೋರ? ಅದೂ ನೀವು?"

"ದೇವರು ನನ್ನ ಕೊರಳಾಗ ಅದಾನ್ರಿ ಗೌಡ್ರ. ಅವನ್ನ ಕಟಗೊಂಡ ಸಾಲಿಗೆ ಬರ್ತೀನಿ, ಕಟಗೊಂಡ ಹೋಗ್ತೀನಿ. ಆದ್ರ ಸಾಲಿ ಗಂಟಿ ನಂದೂ ಅಲ್ಲ, ನಿಮ್ಮದೂ ಅಲ್ಲ. ಇದು ಸರಕಾರಿ ಸಾಲಿ. ಹಾಜರಿ ಪುಸ್ತಕದಾಗ ಹೆಸರಿದ್ದವರೆಲ್ಲಾ ಅದನ್ನ ಮುಟ್ಟಬೇಕು."

"ನನ್ನ ಹರಕಿ ಕೆಡತದಲ್ರಿ." ಗೌಡರ ದನಿ ಇಳಿದಿತ್ತು. ಮಗಳ ಕುರಿತ ಭಯ ಅವರನ್ನು ಇನ್ನೂ ಬಿಟ್ಟಿರಲಿಲ್ಲ.

"ಹರಕಿ ಹೊತ್ತದ್ದು ವೀರಭದ್ರಗ. ಅವನ ಗುಡ್ಯಾಗ ಕಟ್ರಿ. ಮೊದಲ ದಿವಸ ನಾನೂ ಬಂದು ಬಾರಸ್ತೀನಿ."

ಗೌಡರು ಗಂಟೆಯನ್ನು ತಾವೇ ಎತ್ತಿಕೊಂಡು ಹೋದರು. ಟೀಚರ್ ಮಾತಿನಂತೆ ಮುಂದಿನ ಸೋಮವಾರ ನಸುಕಿನಲ್ಲೇ ಗುಡಿಗೆ ಹೋಗಿ ಬಂದರು.

ಅದೇ ಸೋಮವಾರ ದಿಲ್‌ಶಾದ್ ಎಲ್ಲರಿಗಿಂತ ಮೊದಲೇ ಬಂದಳು. ಚಪ್ಪಲಿ ಹಾಕಿಕೊಂಡೇ ಬಂದಳು. ಎರಡೂ ಕೈಯಲ್ಲಿ ಸಲಾಕೆ ಹಿಡಿದು ಬಾರಿಸಿದಳು, ನಿಲ್ಲಿಸುವುದನ್ನೇ ಮರೆತಳು. "ಸಾಕು ಬಿಡವಾ, ಊರ ಎದ್ದದ" ಎಂದು ಟೀಚರ್ ನಕ್ಕರು.

ಈಗ ಶಾಲೆಗೆ ವಿದ್ಯುತ್ ಗಂಟೆ ಬಂದಿದೆ. ನಾನು ಅಡುಗೆ ಕೋಣೆಯ ಮೂಲೆಯಲ್ಲಿದ್ದೇನೆ. ಕರೆಂಟು ಹೋದ ದಿನ ನನ್ನನ್ನು ಎತ್ತಿಕೊಂಡು ಹೋಗುತ್ತಾರೆ, ಆ ದಿನ ನನಗೆ ಮೊದಲಿನ ಜಂಬ. ನನ್ನ ಒಂದು ತುದಿಯಲ್ಲಿ ಸಣ್ಣ ತಗ್ಗಿದೆ. ಇಷ್ಟು ವರ್ಷದ ಮಕ್ಕಳೆಲ್ಲ ಹೊಡೆದದ್ದು ಅಲ್ಲಿಯೇ. ಅದರಲ್ಲಿ ಯಾರ ಪೆಟ್ಟು ಯಾವುದೆಂದು ನನ್ನನ್ನು ಕೇಳಬೇಡಿ. ಹದಿನೆಂಟನೇ ನಂಬರಿನದೂ ಅದರಲ್ಲಿದೆ, ಅಷ್ಟು ಮಾತ್ರ ಗೊತ್ತು.