ಫ್ರಿಜ್ಜಿನ ಬಾಗಿಲ ಹಸಿರು ಕವರು

ಲೂಬಾ ಡ್ರಾಯರನ್ನು ಪೂರ್ತಿ ಹೊರಗೆಳೆದು ಅಡುಗೆಮನೆಯ ನೆಲದ ಮೇಲೆ ಕವುಚಿ ಹಾಕಿದಳು. ಪಾತ್ರೆ ಒರೆಸುವ ಬಟ್ಟೆಗಳು, ಕೆಂಪು ಕಪ್ಪು ದಾರದ ಕಸೂತಿಯ ಹಬ್ಬದ ವಸ್ತ್ರಗಳು, ಅರ್ಧ ಉರಿದ ಮೇಣದಬತ್ತಿ, ಒಂದು ರಬ್ಬರ್ ಬ್ಯಾಂಡು. ಹಸಿರು ಕವರು ಮಾತ್ರ ಇಲ್ಲ. ನಿನ್ನೆ ಬೆಳಿಗ್ಗೆ ಇತ್ತು. ಬಟ್ಟೆಗಳ ಅಡಿಗೆ ಬೆರಳು ತೂರಿಸಿ ಅವಳೇ ಮುಟ್ಟಿ ನೋಡಿದ್ದಳು.

"ಏನು ಹುಡುಕ್ತಿದ್ದೀಯೇ ಹಾಗೆ?"

ಬಾಗಿಲಲ್ಲಿ ಅಮ್ಮ. ಎಂಬತ್ತೊಂದು ತುಂಬಿದ ಪಾರಸ್ಕಾ ಕರಿ ಕೋಟಿನ ಗುಂಡಿಗಳನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದಳು.

"ರೊಟ್ಟಿ ಮೇಲೆ ಹೊದಿಸೋಕೆ ಬಟ್ಟೆ."

"ನಿನ್ನ ಕಾಲ ಹತ್ರಾನೇ ನಾಲ್ಕು ಬಿದ್ದಿವೆ. ಏಳು, ಚರ್ಚಿಗೆ ಹೊತ್ತಾಯ್ತು. ನಿಮ್ಮಪ್ಪ ಯಾವತ್ತೂ ಯಾರನ್ನೂ ಕಾಯಿಸಿದೋರಲ್ಲ."

ಲೂಬಾ ಎದ್ದಳು. ಅಮ್ಮನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು. ಯಾರು ತೆಗೆದಿರಬಹುದು? ನಿನ್ನೆಯಿಡೀ ಮನೆ ತುಂಬ ಜನ. ಚರ್ಚಿನ ಅಡುಗೆಯ ಹೆಂಗಸರು ಬಂದು ಎಲ್ಲ ಡ್ರಾಯರಿಗೂ ಕೈ ಹಾಕಿದ್ದರು. ಅವರಲ್ಲಿ ಒಬ್ಬಳಿಗೆ ಸಿಕ್ಕಿದ್ದರೆ ಸಾಕು, ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

*

ಆ ಕವರನ್ನು ಅಪ್ಪ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು ಎರಡು ವರ್ಷದ ಹಿಂದೆ, ಹೃದಯದ ಡಾಕ್ಟರ ಹತ್ತಿರ ಹೋಗಿ ಬಂದ ದಿನ. ಒಳಗಿನ ಕಾಗದದಲ್ಲಿ ಡಾಕ್ಟರ ಸಹಿಯಿತ್ತು. ತಾನು ಬಿದ್ದರೆ ಎದೆ ಒತ್ತಬಾರದು, ಗಂಟಲಿಗೆ ಕೊಳವೆ ಇಳಿಸಬಾರದು, ಯಂತ್ರಕ್ಕೆ ಹಾಕಬಾರದು. ಆಲ್ಬರ್ಟಾ ಪ್ರಾಂತ್ಯದಲ್ಲಿ ಇಂಥ ಕಾಗದಕ್ಕೆ ಫ್ರಿಜ್ಜಿನ ಬಾಗಿಲೇ ಜಾಗ. ಆಂಬುಲೆನ್ಸಿನವರು ಒಳಗೆ ಬಂದರೆ ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ.

"ಬೇರೆ ಎಲ್ಲಾದ್ರೂ ಇಡಪ್ಪ," ಎಂದಿದ್ದಳು ಲೂಬಾ. "ಹಾಲು ತೆಗೆಯೋವಾಗೆಲ್ಲ ಅದನ್ನ ನೋಡ್ಬೇಕಾ?"

ನೆಸ್ಟರ್ ಬೋಯ್ಕೋ ನಕ್ಕಿದ್ದ. ಮೂವತ್ತೊಂದು ಚಳಿಗಾಲ ಮಂಜಿನ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟಕ್ಕೆ ಊರಿನ ಅಂಗಳದಲ್ಲಿ ಮಂಜುಗಡ್ಡೆ ಹಾಕಿದವನು ಅವನು. ಆ ಆಟದ ಭಾರದ ಕಲ್ಲು ನುಣ್ಣನೆಯ ಮಂಜಿನ ಮೇಲೆ ಸರಾಗ ಜಾರುವುದಿಲ್ಲ. ಮೇಲೆ ಬಿಸಿನೀರಿನ ಹನಿ ಚಿಮುಕಿಸಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಬೇಕು. ನೆಸ್ಟರ್ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಕೊಳವೆ ಹಿಡಿದ ಕೈಯನ್ನು ಎಡಕ್ಕೆ ಬಲಕ್ಕೆ ಬೀಸುತ್ತ, ಅಂಗಳದ ಈ ತುದಿಯಿಂದ ಆ ತುದಿಗೆ ಹಿಂದೆ ಹಿಂದೆ ನಡೆಯುತ್ತಿದ್ದ. ಒಂದು ಸಲವೂ ತಿರುಗಿ ನೋಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಲೂಬಾಗೆ ಅಪ್ಪ ಬೆಳ್ಳಿಯ ಬೀಜ ಬಿತ್ತುತ್ತಿರುವ ಹಾಗೆ ಕಾಣುತ್ತಿತ್ತು.

"ಮಾರ್ಚಿ ಬಂದ ಮೇಲೆ ಎಷ್ಟು ನೀರು ಹೊಯ್ದರೂ ತೇಪೆ ಅಷ್ಟೇ ಮಗಾ," ಎಂದಿದ್ದ. "ಕರಗೋಕೆ ಬಿಟ್ಟುಬಿಡ್ಬೇಕು."

ಈ ಜನವರಿಯಲ್ಲಿ ಫಾದರ್ ಇಹೋರ್ ಪ್ರತಿ ವರ್ಷದ ಹಾಗೆ ಮನೆಮನೆಗೆ ಪವಿತ್ರಜಲ ಚಿಮುಕಿಸಲು ಬಂದರು. ಅವರ ಕಾರು ಗೇಟಿನಲ್ಲಿ ನಿಂತಾಗ ಲೂಬಾಗೆ ಆ ಹಸಿರು ಕವರು ಕಂಡಿತು. ದೇವರು ಕೊಟ್ಟ ಉಸಿರನ್ನು ಬೇಡವೆಂದು ಬರೆದು ಅಡುಗೆಮನೆಯಲ್ಲಿ ತೂಗು ಹಾಕಿದ ಹಾಗಿತ್ತು. ಥಟ್ಟನೆ ಕಿತ್ತು ಬಟ್ಟೆಗಳ ಅಡಿಗೆ ತಳ್ಳಿದಳು. ಫಾದರ್ ಹೋದ ಮೇಲೆ ಅಂಟಿಸಿದರಾಯಿತು.

ಫಾದರ್ ಒಲೆಯ ಮೇಲೆ, ಕಿಟಕಿಯ ಮೇಲೆ, ಕವರಿಲ್ಲದೆ ಬರಿದಾದ ಫ್ರಿಜ್ಜಿನ ಬಾಗಿಲ ಮೇಲೂ ನೀರು ಚಿಮುಕಿಸಿದರು. ಗಸಗಸೆಯ ಸಿಹಿರೊಟ್ಟಿ ತಿಂದು ಟೀ ಕುಡಿದು ಹೋದರು. ಲೂಬಾ ತನ್ನ ಮನೆಗೆ ಹೋದಳು. ಮರುದಿನ ಬಂದಳು, ಮರುವಾರ ಬಂದಳು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು, ಬಾಗಿಲ ಮೇಲೆ ಏನಿದೆ ಏನಿಲ್ಲ ಅವನಿಗೆ ಗೊತ್ತಾಗುತ್ತಿರಲಿಲ್ಲ. ಮರೆತೆ ಎಂದು ಅವಳು ಹೇಳಿಕೊಳ್ಳಬಹುದಿತ್ತು. ಆದರೆ ಮರೆತಿರಲಿಲ್ಲ. ಪ್ರತಿ ಸಲವೂ ನೋಡುತ್ತಿದ್ದಳು, ನಾಳೆ ಅಂದುಕೊಳ್ಳುತ್ತಿದ್ದಳು.

ಹತ್ತೊಂಬತ್ತನೆಯ ದಿನ ಅಪ್ಪ ಅದೇ ಫ್ರಿಜ್ಜಿನ ಮುಂದೆ ಕುಸಿದು ಬಿದ್ದ.

*

ಚರ್ಚಿನ ಮುಂಬಾಗಿಲ ಒಳಗೆ ಬೂಟಿನ ಮಂಜು ಕರಗಿ ನೀರಾಗಿತ್ತು. ಅಲ್ಲೇ ಗೋಡೆಗೊರಗಿ ಡ್ವೇನ್ ನಿಂತಿದ್ದ, ಎರಡೂ ಕೈ ಕೋಟಿನ ಜೇಬಿನಲ್ಲಿ. ಹದಿನಾರನೆಯ ವಯಸ್ಸಿಗೆ ನೆಸ್ಟರನ ಹತ್ತಿರ ಮಂಜು ಹಾಕುವುದು ಕಲಿತವನು. ಈಗ ನಲವತ್ತರ ಹತ್ತಿರ. ಊರಿನ ಆಂಬುಲೆನ್ಸಿನಲ್ಲಿ ಸಂಬಳವಿಲ್ಲದೆ ದುಡಿಯುವ ಇಬ್ಬರಲ್ಲಿ ಒಬ್ಬ.

"ಶವದ ಪೆಟ್ಟಿಗೆ ಹಿಡಿಯೋಕೆ ಆರು ಜನ ಬೇಕು, ಐದೇ ಇದ್ದಾರೆ," ಎಂದಳು ಅಡುಗೆಯ ಟಿಲ್ಲಿ, ಬೇಯಿಸಿದ ಗೋಧಿಗೆ ಜೇನು ಕಲಸಿದ ಬೋಗುಣಿ ಹೊತ್ತು ಹಾದುಹೋಗುತ್ತ. "ನೀನ್ಯಾಕೆ ಇಲ್ಲಿ ಕೋಟು ತೂಗುಹಾಕೋ ಗೂಟದ ಥರ ನಿಂತಿದ್ದೀಯ?"

"ನನ್ನ ಕೈಲಾಗಲ್ಲ ಟಿಲ್ಲಿ."

"ಆ ಕೈಗೇನು ಬಂತೋ ಧಾಡಿ? ಕೋಣನ ಥರ ಇದ್ದೀಯ."

ಟಿಲ್ಲಿ ಹೋದ ಮೇಲೆ ಡ್ವೇನ್ ಬಾಗಿಲಲ್ಲಿದ್ದ ಲೂಬಾಳ ಹತ್ತಿರ ಸರಿದ.

"ಒಂದು ಮಾತು ಕೇಳ್ಬೇಕಿತ್ತು. ನೆಸ್ಟರ್ ಆ ಕಾಗದ ಯಾವಾಗ ತೆಗೆದ್ರು?"

"ಯಾಕೆ?" ಎಂದಳು ಲೂಬಾ.

"ನಂಗೆ ಹೇಳಿದ್ರು ಅವರು. 'ನಾನು ಬಿದ್ದರೆ ಬರೋದು ನೀನೇ ಕಣೋ, ಮೊದಲು ಫ್ರಿಜ್ಜು ನೋಡು' ಅಂತ. ನೋಡ್ದೆ. ಏನೂ ಇರ್ಲಿಲ್ಲ. ಕಾಗದ ಇಲ್ಲ ಅಂದ್ರೆ ನಾನು ಕೈಕಟ್ಟಿ ನಿಲ್ಲೋ ಹಾಗಿಲ್ಲ. ಎದೆ ಒತ್ತಿದೆ." ಅವನು ತಗ್ಗಿದ ದನಿಯಲ್ಲಿ ನೆಲದ ನೀರು ನೋಡುತ್ತ ಹೇಳಿದ. "ಪಕ್ಕೆಲುಬು ಮುರಿದದ್ದು ಕೈಗೆ ಗೊತ್ತಾಗುತ್ತೆ. ಆಮೇಲೂ ಒತ್ತುತ್ತಾ ಇರ್ಬೇಕು."

"ಡ್ವೇನ್..."

"ನಿಮ್ಮಮ್ಮ ಎಲ್ಲರ ಹತ್ರ ಹೇಳ್ತಿದ್ದಾರೆ, ಅವರೇ ಮನಸ್ಸು ಬದಲಾಯಿಸಿ ಕಿತ್ತು ಹಾಕಿದ್ರು ಅಂತ. ಹೌದಾ? ಹೌದು ಅಂದ್ಬಿಡು, ಇವತ್ತು ನಿದ್ದೆ ಮಾಡ್ತೀನಿ. ಆದ್ರೆ ಅವರು ಅಂಥವರಲ್ಲ. ಒಂದು ಸಲ ಹೇಳಿದ್ರೆ ಹೇಳಿದ್ರು."

ಗಂಟೆ ಹೊಡೆಯಿತು. ಲೂಬಾ "ಅಮ್ಮ ಒಬ್ಬರೇ ಕೂತಿದ್ದಾರೆ" ಎಂದು ಒಳಗೆ ಓಡಿದಳು.

*

ಆಸ್ಪತ್ರೆಯಲ್ಲಿ ಅಪ್ಪ ಹನ್ನೆರಡು ದಿನ ಇದ್ದ. ಯಂತ್ರ ಅವನಿಗಾಗಿ ಉಸಿರಾಡುತ್ತಿತ್ತು. ಐದನೆಯ ದಿನ ಅವನ ಬಲಗೈ ಹಾಸಿಗೆಯ ಮೇಲೆ ಎಡಕ್ಕೆ ಬಲಕ್ಕೆ ಬೀಸತೊಡಗಿತು.

"ಏನೋ ಕೇಳ್ತಿದ್ದಾರೆ," ಎಂದಳು ನರ್ಸು. "ಏನು ಬೇಕಂತೆ?"

ಗೊತ್ತಿಲ್ಲ ಎಂದಿದ್ದಳು ಲೂಬಾ. ಗೊತ್ತಿತ್ತು. ಅಪ್ಪ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದ. ಆ ತುದಿ ಮುಟ್ಟಲು ಯಾರೂ ಬಿಡುತ್ತಿರಲಿಲ್ಲ.

*

ಪ್ರಾರ್ಥನೆ ಮುಗಿಯುತ್ತ ಬಂತು. ಕೊನೆಯ ಮುತ್ತು ಕೊಡಲು ಜನ ಸಾಲು ನಿಂತರು. ಎಲ್ಲರೂ ಹೋದ ಮೇಲೆ ತಾಯಿ ಮಗಳು ತೆರೆದ ಪೆಟ್ಟಿಗೆಯ ಹತ್ತಿರ ಬಂದರು. ಪಾರಸ್ಕಾ ಗಂಡನ ಹಣೆಗೆ ತುಟಿ ತಾಗಿಸಿ, ಎದೆಯ ಮೇಲಿನ ಕಸೂತಿ ವಸ್ತ್ರ ಸರಿಮಾಡಿದಳು. ಆಗ ವಸ್ತ್ರದ ಅಂಚಿನಲ್ಲಿ ಹಸಿರು ಮೂಲೆಯೊಂದು ಇಣುಕಿತು. ಪಾರಸ್ಕಾ ಅದನ್ನು ಒಂದೇ ಬೆರಳಿನಲ್ಲಿ, ಮಗುವಿನ ಕಾಲನ್ನು ದುಪ್ಪಟಿಯೊಳಗೆ ತಳ್ಳುವ ಹಾಗೆ, ಒಳಗೆ ತಳ್ಳಿದಳು.

"ಅಮ್ಮ..."

"ದಿನಾ ಪಾತ್ರೆ ಒರೆಸೋದು ಯಾರು ಅಂದ್ಕೊಂಡೆ?" ಪಾರಸ್ಕಾ ಪಿಸುಗುಟ್ಟಿದಳು. "ಫಾದರ್ ಹೋದ ಸಂಜೆಯೇ ಸಿಕ್ತು. ನಾನೂ ಅಂಟಿಸ್ಲಿಲ್ಲ. ಆ ಹುಡುಗ ಫ್ರಿಜ್ಜು ನೋಡಿದಾಗ ಡ್ರಾಯರಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅರವತ್ತು ವರ್ಷ ಜೊತೆಗಿದ್ದೋರು ಕಣೇ. ಕಾಗದ ಇದೆ ಅನ್ನೋಕೆ ಬಾಯಿ ಬರ್ಲಿಲ್ಲ."

ಫಾದರ್ ಮುಚ್ಚಳಕ್ಕೆ ಸನ್ನೆ ಮಾಡಿದರು. ಪೆಟ್ಟಿಗೆ ಮುಚ್ಚಿತು. ಐವರು ಬಂದು ಹಿಡಿಕೆಗಳ ಹತ್ತಿರ ನಿಂತರು. ಆರನೆಯ ಜಾಗ ಖಾಲಿ. ಲೂಬಾ ಬಾಗಿಲ ಕಡೆ ನೋಡಿದಳು.

ಅಮ್ಮ ಅವಳ ತೋಳು ಹಿಡಿದಳು. "ಬೇಡ. ಮಣ್ಣಿಗೆ ಹೋಗೋದು ಹೋಗ್ಲಿ ಬಿಡು. ಊರಲ್ಲಿ ನೀನು ಬಾಳಬೇಕು."

ಲೂಬಾ ಮೆಲ್ಲಗೆ ಆ ಬೆರಳುಗಳನ್ನು ಬಿಡಿಸಿದಳು. ನಡುವಿನ ದಾರಿಯಲ್ಲಿ ನಡೆದಳು; ಎರಡೂ ಕಡೆಯ ಬೆಂಚುಗಳಿಂದ ಊರೇ ಅವಳನ್ನು ನೋಡುತ್ತಿತ್ತು. ಡ್ವೇನ್ ಇನ್ನೂ ಗೋಡೆಗೊರಗಿದ್ದ.

"ಅಪ್ಪ ತೆಗೀಲಿಲ್ಲ," ಎಂದಳು. ದನಿ ತಗ್ಗಿಸಲು ನೋಡಿದಳು, ಆಗಲಿಲ್ಲ. "ನಾನು ತೆಗೆದೆ. ಫಾದರ್ ಬಂದ ದಿನ. ಆಮೇಲೆ ಬೇಕಂತಲೇ ಅಂಟಿಸ್ಲಿಲ್ಲ. ಅಪ್ಪ ಹೇಳಿದ್ದು ಹೇಳಿದ ಹಾಗೇ ಇತ್ತು. ನಿನ್ನ ತಪ್ಪಿಲ್ಲ."

ಹಿಂದಿನ ಬೆಂಚಿನಲ್ಲಿ ಟಿಲ್ಲಿಯ ಕೈಯ ಚಮಚ ಬೋಗುಣಿಗೆ ತಾಗಿ ಸದ್ದಾಯಿತು. ಡ್ವೇನ್ ಲೂಬಾಳನ್ನು ನೋಡಿದ. ಜೇಬಿನಿಂದ ಎರಡೂ ಕೈ ಹೊರತೆಗೆದ, ಅವಳನ್ನು ದಾಟಿ ಪೆಟ್ಟಿಗೆಯ ಹತ್ತಿರ ಹೋದ, ಮುಂದಿನ ಖಾಲಿ ಹಿಡಿಕೆ ಹಿಡಿದ.

ಹೊರಗೆ ಶೂನ್ಯದಿಂದ ಇಪ್ಪತ್ತೊಂಬತ್ತು ಡಿಗ್ರಿ ಕೆಳಗೆ. ಚರ್ಚಿನ ಹನ್ನೊಂದು ಮೆಟ್ಟಿಲೂ ಗಾಜಿನ ಹಾಗೆ ಹೆಪ್ಪುಗಟ್ಟಿದ್ದವು. ಪೆಟ್ಟಿಗೆ ವಾಲದಂತೆ ಮುಂದಿನವರಲ್ಲಿ ಒಬ್ಬರು ತಿರುಗಿ ನಿಂತು ಇಳಿಯಬೇಕಿತ್ತು. ಯಾರೆಂದು ಉಳಿದವರು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಡ್ವೇನ್ ತಿರುಗಿದ್ದ. ಬರಿಗೈಯಲ್ಲಿ ತಣ್ಣನೆಯ ಹಿಡಿಕೆ ಬಿಗಿಯಾಗಿ ಹಿಡಿದು, ಪೆಟ್ಟಿಗೆಯ ಮೇಲೇ ಕಣ್ಣಿಟ್ಟು, ಸಣ್ಣ ಸಣ್ಣ ಹೆಜ್ಜೆಯಲ್ಲಿ, ಒಂದು ಸಲವೂ ಕಾಲ ಕೆಳಗೆ ನೋಡದೆ, ಅವನು ಹಿಂದೆ ಹಿಂದೆ ನಡೆದ.